ತಂಗಿಯ ಬಗ್ಗೆ ನಾನಾಡಿದ ಒಳ್ಳೆಯ ಮಾತು

ಘೋಡಗೇರಿಗೆ ಹೋಗಿ ಬರಬೇಕಾಗಿತ್ತು, ಹೋಗಲಿಲ್ಲ. ಮೂಡಲಗಿಯಿಂದ ಘೋಡಗೇರಿ ಏನು ದೇಶಾಂತರವಲ್ಲ. ಬೆಳಿಗ್ಗೆ ಚಹಾ ಕುಡಿದು ಮೋಟರ್ ಸೈಕಲ್ ಹತ್ತಿದರೆ ಊಟದ ಹೊತ್ತಿಗೆ ಮನೆಗೆ ಬಂದು, ಇವತ್ತೂ ಬದನೆಕಾಯಿಯೇ ಏನು ಎಂದು ಮುಖ ಸಿಂಡರಿಸಬಹುದಾದಷ್ಟು ಹತ್ತಿರ. ದೊಡ್ಡ ಕೆಲಸ ಮಾಡದೆ ಬಿಟ್ಟವನಿಗೆ ಹೇಳಿಕೊಳ್ಳಲು ಒಂದು ಕಾರಣವಾದರೂ ಇರುತ್ತದೆ. ಊರೂ ತಲೆಯಾಡಿಸಿ ಒಪ್ಪುತ್ತದೆ. ಸಣ್ಣ ಕೆಲಸ ಬಿಟ್ಟವನ ಪಾಡು ಬೇರೆ. ಯಾರಾದರೂ 'ಯಾಕ ಹೋಗಲಿಲ್ಲ?' ಎಂದು ಕೇಳಿದರೆ ಅವನು ತಲೆ ಕೆರೆದುಕೊಳ್ಳಬೇಕು. ನಾನು ಎಷ್ಟು ಕೆರೆದುಕೊಂಡಿದ್ದೇನೆಂದರೆ, ನನ್ನ ಹೆಂಡತಿ ನೀಲವ್ವ ಹೇನಿನ ಔಷಧಿ ತರಲೇ ಎಂದು ಕೇಳಿದ್ದಾಳೆ.

ನಾನು ಮೂಡಲಗಿಯಲ್ಲಿ ಪಂಪಿನ ಮೋಟರ್ ಕಟ್ಟುವವನು. ಸುಟ್ಟುಹೋದ ಮೋಟರನ್ನು ಬಿಚ್ಚಿ, ಹಳೆಯ ತಾಮ್ರದ ತಂತಿ ತೆಗೆದು, ಹೊಸದನ್ನು ಸುತ್ತಿ ಕೊಡುವುದು ನನ್ನ ಉದ್ಯೋಗ. ಏಳನೆಯ ಇಯತ್ತೆಗೆ ಸಾಲಿ ಬಿಟ್ಟೆ. ಸಾಲಿಯೇ ನನ್ನನ್ನು ಬಿಟ್ಟಿತು ಎನ್ನುವವರೂ ಇದ್ದಾರೆ. ಅವರು ನಮ್ಮ ಮನೆಯವರೇ ಆದದ್ದರಿಂದ ವಾದ ಮಾಡುವುದಿಲ್ಲ. ನನಗೆ ಒಬ್ಬಳೇ ತಂಗಿ, ಕಸ್ತೂರಿ. ನನ್ನ ಪಾಲಿನ ಓದನ್ನೂ ಸೇರಿಸಿ ಅವಳೇ ಓದಿದಳು. ಹುಕ್ಕೇರಿಯ ಒಂದು ಸಾಲಿಯಲ್ಲಿ ಗಣಿತ ಕಲಿಸಿದಳು. ಅಲ್ಲಿಂದ ಒಂದು ದಿನ ವಿಮಾನ ಹತ್ತಿ, ಸುತ್ತಲೂ ಸಮುದ್ರ, ನಡುವೆ ತೆಂಗಿನ ಮರ ಇರುವ ಒಂದು ದೇಶಕ್ಕೆ ಕಲಿಸಲು ಹೋದಳು. ಆ ದೇಶ ಹಲವು ನಡುಗಡ್ಡೆಗಳಾಗಿ ಒಡೆದುಕೊಂಡಿದೆಯಂತೆ. ಒಂದು ಸಾಲಿಯಿಂದ ಇನ್ನೊಂದು ಸಾಲಿಗೆ ಹೋಗಬೇಕಾದರೆ ದೋಣಿ ಹತ್ತಬೇಕು. ಮಳೆಗಾಲದಲ್ಲಿ ಧುಪದಾಳದ ಒಡ್ಡಿನ ಮೇಲೆ ನೀರು ಬೀಳುವುದನ್ನು ನೋಡಿಯೇ ನಾನು ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ. ಅಂಥವನ ತಂಗಿ ಇವಳು ಎಂದು ನಾನು ಅಂಗಡಿಗೆ ಬಂದವರ ಮುಂದೆಲ್ಲ ಎದೆ ಉಬ್ಬಿಸುತ್ತಿದ್ದೆ.

ಒಂದು ಮಧ್ಯಾಹ್ನ ಅವಳ ಫೋನ್ ಬಂತು. 'ಅಣ್ಣಾ, ನನ್ನ ಕಾಂಟ್ರಾಕ್ಟ ಮುಗೀತು' ಎಂದಳು. ನಾನು 'ಭೇಷ್!' ಎಂದೆ.

ನನ್ನನ್ನು ಬೈಯುವ ಮೊದಲು ಓದುಗರು ಒಂದು ಕ್ಷಣ ನಮ್ಮ ಕಡೆಗೆ ಬಂದು ನಿಲ್ಲಬೇಕು. ನಮ್ಮಲ್ಲಿ ಕಾಂಟ್ರಾಕ್ಟು ಮುಗಿಯುವುದು ಎಂದರೆ ಹಬ್ಬ. ರಸ್ತೆಯ ಕಾಂಟ್ರಾಕ್ಟ್ ಮುಗಿದರೆ ಕಾಂಟ್ರಾಕ್ಟರನಿಗೆ ಮಾಲೆ ಹಾಕುತ್ತಾರೆ. ರಸ್ತೆ ಕಿತ್ತುಹೋಗುವುದು ಆಮೇಲಿನ ಮಾತು. ಕಬ್ಬು ಕಡಿಯುವವರ ಕಾಂಟ್ರಾಕ್ಟ್ ಮುಗಿದ ದಿನ ಗುಲಾಲು ಹಚ್ಚಿಕೊಂಡು, ಟ್ರ್ಯಾಕ್ಟರಿನ ಮೇಲೆ ಹಲಗೆ ಬಾರಿಸುತ್ತ ತಮ್ಮೂರಿಗೆ ಹೊರಡುತ್ತಾರೆ. ಮುಗಿಸಿದವನ ಹಿಂದೆ ಇನ್ನೂ ದೊಡ್ಡ ಕಾಂಟ್ರಾಕ್ಟು ಓಡಿಬರುತ್ತದೆ. ನಾನು ಅದೇ ಸಂಜೆ ಗೋಕಾಕಕ್ಕೆ ಹೋಗಿ ಕರದಂಟು ತಂದು ಓಣಿಗೆಲ್ಲ ಹಂಚಿದೆ. 'ಯಾಕೋ, ಏನ ಖುಷಿ?' ಎಂದವರಿಗೆ 'ನಮ್ಮ ಕಸ್ತೂರಿ ಕಾಂಟ್ರಾಕ್ಟ ಮುಗಿಸ್ಯಾಳ್ರಿ!' ಎಂದೆ. ಓಣಿಯವರೂ ನನ್ನಂಥವರೇ. ಬಾಯಿ ತುಂಬ ಕರದಂಟು ಇಟ್ಟುಕೊಂಡು 'ಭಾಳ ಛಲೋ ಆತು' ಎಂದರು.

ಅವಳು ಹೇಳಿದ್ದರ ಅರ್ಥ, ನನಗೆ ಆಮೇಲೆ ತಿಳಿದಂತೆ, ಹೀಗಿತ್ತು: ಅಲ್ಲಿ ಸಾಲಿ ಶುರುವಾಗುವುದು ಜನವರಿಗೆ; ಅವಳು ಕೆಲಸಕ್ಕೆ ಸೇರಿದ್ದು ವರ್ಷದ ನಡುವೆ, ಹಾಗಾಗಿ ಕರಾರು ಮುಗಿದದ್ದೂ ವರ್ಷದ ನಡುವೆ. ಮಕ್ಕಳು ಕಡಿಮೆಯಾಗಿದ್ದಾರೆಂದು ಆ ಸಾಲಿಯವರು ಮತ್ತೆ ಕರಾರು ಮಾಡಲಿಲ್ಲ. ನಡುವರ್ಷದಲ್ಲಿ ಎಲ್ಲ ಸಾಲಿಗಳಲ್ಲೂ ಮಾಸ್ತರರು ಇದ್ದೇ ಇರುತ್ತಾರೆ, ಹೊಸಬರಿಗೆ ಜಾಗ ಎಲ್ಲಿ? ಬೇಗ ಬೇರೆ ನೌಕರಿ ಹಿಡಿಯದಿದ್ದರೆ ವೀಸಾ ಮುಗಿದು, ಗಂಟುಮೂಟೆ ಕಟ್ಟಿಕೊಂಡು ದೇಶ ಬಿಡಬೇಕು. ಇಷ್ಟನ್ನೂ ಅವಳು ಹೇಳುವವಳಿದ್ದಳು. ನನ್ನ 'ಭೇಷ್' ಕೇಳಿ ಸುಮ್ಮನಾದಳು. ಅಣ್ಣ ಧೈರ್ಯ ತುಂಬುತ್ತಿದ್ದಾನೆ ಎಂದುಕೊಂಡಳಂತೆ.

ಮತ್ತೆ ಫೋನ್ ಮಾಡಿದಾಗ ಒಂದು ಕೆಲಸ ಹೇಳಿದಳು. ಬಾಜೂ ನಡುಗಡ್ಡೆಯ ಸಾಲಿಯಲ್ಲಿ ಗಣಿತದ ಟೀಚರು ಹೆರಿಗೆಗೆ ಹೋಗಿದ್ದಾರೆ, ಒಂದು ಜಾಗ ಇದೆ. ಆದರೆ ಅಲ್ಲಿಯವರು ಅವಳ ಹಳೆಯ ಹೆಡ್‌ಮಾಸ್ತರರ ಜೊತೆ ಫೋನಿನಲ್ಲಿ ಮಾತನಾಡಿಯೇ ತೆಗೆದುಕೊಳ್ಳುವುದು. ಹುಕ್ಕೇರಿ ಸಾಲಿಯ ಆ ಹೆಡ್‌ಮಾಸ್ತರರು ನಿವೃತ್ತರಾಗಿ ಘೋಡಗೇರಿಯಲ್ಲಿ ಹೊಲ ಮಾಡಿಕೊಂಡಿದ್ದಾರೆ. ಗೊತ್ತಿಲ್ಲದ ನಂಬರು ಬಂದರೆ ಫೋನ್ ಎತ್ತುವುದಿಲ್ಲ. 'ನೀ ಹೋಗಿ ಸರ್‌ಗೆ ಹೇಳಿ ಬಾ ಅಣ್ಣಾ, ಪರದೇಶದ ನಂಬರ ಬಂದ್ರ ಎತ್ರಿ ಅಂತ. ನಾ ಮಾಡಿದ್ರೂ ಎತ್ತವಲ್ರು. ನಿನ್ನ ನಂಬರೂ ಅವರಿಗೆ ಕೊಟ್ಟೇನಿ. ನಿನಗೇನರ ಫೋನ್ ಬಂದ್ರ, ಸರ್‌ಗೆ ಮತ್ತೊಮ್ಮಿ ಮಾಡ್ರಿ ಅಂತ ಹೇಳಿ ಇಟ್ಟಬಿಡು. ಹೆಚ್ಚಿಗಿ ಮಾತಾಡಬ್ಯಾಡ' ಎಂದಳು.

ನೋಡಿದಿರಾ, ಒಂದು ಕಾಂಟ್ರಾಕ್ಟು ಮುಗಿಯುವುದರೊಳಗೆ ಇನ್ನೊಂದು ಸಾಲಿ ಬೆನ್ನು ಹತ್ತಿದೆ ಎಂದು ನಾನು ಹಿಗ್ಗಿದೆ. ಬೆನ್ನು ಹತ್ತಿದವರು ನಾಲ್ಕು ದಿನ ಕಾಯಲಾರರೇ? ಆಗ ಬೇಸಿಗೆ. ಪಂಪಿನ ಮೋಟರುಗಳು ಪುಟಪುಟನೆ ಸುಡುತ್ತಿದ್ದವು. ಒಂದು ದಿನ ಒಬ್ಬ ರೈತ ಅಂಗಡಿಯ ಕಟ್ಟೆಯ ಮೇಲೆಯೇ ಹಾಸಿಕೊಂಡು ಮಲಗಿ 'ಕಟ್ಟಿ ಕೊಡತನ್ಕಾ ಏಳೂದಿಲ್ಲ' ಎಂದ. ಮರುದಿನ ಗಾಡಿಯ ಕ್ಲಚ್ಚಿನ ತಂತಿ ಹರಿದಿತ್ತು. ಇವೆಲ್ಲ ನಿಜವೇ. ಇನ್ನೊಂದು ನಿಜವೂ ಇದೆ. ಆ ಹೆಡ್‌ಮಾಸ್ತರರು ನನ್ನನ್ನು ಕಂಡಾಗಲೆಲ್ಲ 'ತಂಗಿ ಅಷ್ಟ ಶಾಣ್ಯಾ, ನೀ ಯಾಕೋ ಹಿಂಗಾದಿ?' ಎಂದು ಕೇಳುತ್ತಾರೆ. ಇಬ್ಬರು ಮಕ್ಕಳ ತಂದೆಯಾದ ಮೇಲೆ ಈ ಪ್ರಶ್ನೆ ಕೇಳಿಸಿಕೊಳ್ಳಲು ಪೆಟ್ರೋಲು ಸುಟ್ಟುಕೊಂಡು ಹೋಗುವ ಹುಮ್ಮಸ್ಸು ಯಾರಿಗಿರುತ್ತದೆ?

ಹೀಗಿರುವಾಗ ಪರದೇಶದ ಫೋನು ನನಗೇ ಬಂತು. ಹೆಣ್ಣು ದನಿ, ಜೇನಿನಂಥ ಹಿಂದಿ. ಆ ಸಾಲಿಯ ಮೇಡಂ ಉತ್ತರದ ಕಡೆಯವರಿರಬೇಕು.

'ಕಸ್ತೂರಿಜೀ ಕೇ ಭಾಯೀ ಬೋಲ್ ರಹೇ ಹೈಂ?'

'ಹಾಂ ಜೀ. ಸಗಾ ಭಾಯಿ' ಎಂದು, ಒಡಹುಟ್ಟಿದವನೆಂಬ ಗತ್ತಿನಲ್ಲಿ ಎದ್ದು ನಿಂತೆ.

ಹೆಡ್‌ಮಾಸ್ತರರು ಫೋನ್ ಎತ್ತುತ್ತಿಲ್ಲ, ಯಾವಾಗ ಸಿಗುತ್ತಾರೆ ಎಂದು ಕೇಳಿದರು. ತಂಗಿ ಕಲಿಸಿಕೊಟ್ಟ ಒಂದು ವಾಕ್ಯವನ್ನು ಹೇಳಿ ಇಟ್ಟುಬಿಡಬೇಕಾಗಿತ್ತು. ಆದರೆ ನನ್ನೊಳಗಿನ ಏಳನೆಯ ಇಯತ್ತೆಯವನು ಅಷ್ಟರಲ್ಲಿ ಮೀಸೆ ತಿರುವಿದ್ದ. 'ಉನ್‌ಕೋ ಕಾಯಕೋ ತಕಲೀಫ್? ಹಮ್ ಕೋ ಪೂಛೋ ಜೀ' ಎಂದೆ, ಅವರಿಗೇಕೆ ತೊಂದರೆ, ನನ್ನನ್ನೇ ಕೇಳಿ ಎಂಬ ಧಾಟಿಯಲ್ಲಿ.

ಆಕೆ ನಕ್ಕು, ಕಸ್ತೂರಿ ಟೀಚರಾಗಿ ಹೇಗೆ ಎಂದು ಕೇಳಿದರು.

ನಮ್ಮ ಕಡೆ ಯಾವುದಾದರೂ ತುಂಬ ಚೆನ್ನಾಗಿದ್ದರೆ 'ಛಲೋ ಐತಿ' ಎಂದರೆ ಸಾಲದು. ಪೈಲ್ವಾನ ಒಳ್ಳೆಯ ಪಟ್ಟು ಹಾಕಿದರೆ ಖತರ್ನಾಕ್. ಮಿರ್ಚಿ ಭಜಿ ಗರಿಗರಿಯಾಗಿದ್ದರೆ ಖತರ್ನಾಕ್. ಮದುಮಗಳು ಚಂದ ಇದ್ದರೂ ಬೀಗರು ಹಾಗೇ ಹೇಳುತ್ತಾರೆ, ಯಾರೂ ಮದುವೆ ಮುರಿದುಕೊಂಡಿಲ್ಲ. ನಾನು ಉಸಿರು ತುಂಬಿಕೊಂಡು ಹೇಳಿದೆ:

'ಖತರ್ನಾಕ್ ಟೀಚರ್ ಹೈ ಜೀ!'

ಆಕೆ ಮೆಲ್ಲಗೆ, 'ಖತರ್ನಾಕ್?' ಎಂದರು.

'ಏಕದಮ್! ಪೂರಾ ಹುಕ್ಕೇರಿ ಕೋ ಮಾಲೂಮ್ ಹೈ.'

'ಬಚ್ಚೋಂ ಕೇ ಸಾಥ್ ಭೀ?' ಮಕ್ಕಳ ಜೊತೆಗೂ ಹಾಗೆಯೇ ಎಂದು ಕೇಳಿದರು.

'ಬಚ್ಚೋಂ ಕೇ ಸಾಥ್ ತೋ ಔರ್ ಭೀ ಖತರ್ನಾಕ್! ಕ್ಲಾಸ್ ಮೇಂ ಗಯೀ ತೋ ಆಗ್ ಲಗಾ ದೇತೀ!'

'ಬೆಂಕಿ ಹಚ್ಚತಾಳ' ಎಂಬ ನಮ್ಮ ಮೆಚ್ಚುಗೆಯ ಮಾತನ್ನು ಅಷ್ಟು ಬೇಗ ಹಿಂದಿಗೆ ತಂದದ್ದಕ್ಕೆ ನನಗೆ ನನ್ನ ಮೇಲೆಯೇ ಅಭಿಮಾನ ಉಕ್ಕಿತು. ಮೇಡಂ ಧನ್ಯವಾದ ಹೇಳಿ ಫೋನ್ ಇಟ್ಟರು. ಸ್ವಲ್ಪ ಅವಸರದಲ್ಲಿ ಇಟ್ಟರೇನೋ ಎನ್ನಿಸಿತು.

ಊಟಕ್ಕೆ ಕುಳಿತಾಗ ನೀಲವ್ವನಿಗೆ ಎಲ್ಲವನ್ನೂ ಹೇಳಿದೆ. ರೊಟ್ಟಿ ಹಾಕಲು ಬಂದವಳು ಹಾಗೆಯೇ ನಿಂತಳು.

'ಖತರಾ ಅಂತ ಕರೆಂಟಿನ ಕಂಬಕ್ಕ ಬರದಿರ್ತಾರಲ್ರಿ, ಬುರಡಿ ತಗದು?'

'ಹೂಂ, ಬರದಿರ್ತಾರ.'

'ಅದ ಏನ್ರಿ ಇದು?'

ನನ್ನ ಕೈಯಲ್ಲಿನ ತುತ್ತು ತಾಟಿಗೆ ಬಿತ್ತು. ಹುಟ್ಟಿದಾಗಿನಿಂದ ಕರೆಂಟಿನ ಜೊತೆ ಬಾಳುವವನು ನಾನು. ಆ ಕೆಂಪು ತಲೆಬುರುಡೆಯನ್ನು, ಅದರ ಕೆಳಗಿನ ಎರಡು ಎಲುಬುಗಳನ್ನು, ಕೆಳಗೆ ಬರೆದ ಹಿಂದಿ ಅಕ್ಷರವನ್ನು ನನ್ನಷ್ಟು ಹತ್ತಿರದಿಂದ ನೋಡಿದವರು ತಾಲೂಕಿನಲ್ಲಿ ಇರಲಿಕ್ಕಿಲ್ಲ. ಆ ಬುರುಡೆಯ ಜಾಗದಲ್ಲಿ ನನ್ನ ತಂಗಿಯ ಮುಖ ಬಂದು ನಿಂತಿತು. ಮೋಟರು ಸುಡುವಾಗ ಬರುವಂಥ ಝುಂ ಎನ್ನುವ ಸದ್ದು ತಲೆಯೊಳಗೆ ಶುರುವಾಯಿತು. ಮಕ್ಕಳಿಗೆ ಅಪಾಯಕಾರಿ, ವರ್ಗದಲ್ಲಿ ಬೆಂಕಿ ಹಚ್ಚುತ್ತಾಳೆ, ಇಡೀ ಹುಕ್ಕೇರಿಗೆ ಗೊತ್ತು ಎಂದು ಸ್ವಂತ ಅಣ್ಣನೇ ಸಾಕ್ಷಿ ನುಡಿದಿದ್ದಾನೆ. ವೈರಿಗಳು ಕೂಡ ಇಷ್ಟು ಅಚ್ಚುಕಟ್ಟಾಗಿ ಹೇಳುತ್ತಿರಲಿಲ್ಲ.

ಕಸ್ತೂರಿಯ ಫೋನು ಸಂಜೆಯೇ ಬಂತು. 'ಅಣ್ಣಾ, ಆ ಮೇಡಮ್ಮಗ ಏನಂದಿ? ನಾ ಫೋನ್ ಮಾಡಿದ್ರ, ನಿಮ್ಮ ಹೆಡ್‌ಮಾಸ್ತರು ಮಾತಾಡೂತನ್ಕಾ ಮುಂದಿನ ಮಾತ ಇಲ್ಲ ಅಂತಾರ. ಇದೂ ಕೈ ಬಿಟ್ರ ನಾ ಊರಿಗೆ ಬರೂದ ಐತಿ. ನೌಕರಿ ಇಲ್ಲದ ಇಲ್ಲಿ ಇರಾಕ ಬಿಡಂಗಿಲ್ಲ. ನೀ ಸರ್‌ಗೆ ಹೇಳಿ ಬಂದಿ ಹೌದಲ್ಲೋ?'

ಕಾಂಟ್ರಾಕ್ಟು ಮುಗಿಯುವುದರ ನಿಜವಾದ ಅರ್ಥ ನನಗೆ ತಿಳಿದದ್ದು ಆಗ. ನಾನು ಓಣಿಗೆಲ್ಲ ಸಿಹಿ ಹಂಚಿದ್ದು ತಂಗಿಯ ನೌಕರಿ ಹೋದದ್ದಕ್ಕೆ! ಹೋಗಿಲ್ಲ ಎಂದು ಹೇಳುವ ಬದಲು 'ಹಲೋ, ಹಲೋ, ಕೇಳವಲ್ದು' ಎಂದು ಫೋನ್ ಇಟ್ಟೆ. ಅವಳ ದನಿ ಗಂಟೆ ಬಾರಿಸಿದ ಹಾಗೆ ಸ್ಪಷ್ಟವಾಗಿಯೇ ಕೇಳುತ್ತಿತ್ತು.

ಮರುದಿನ ಕೋಳಿ ಕೂಗುವ ಹೊತ್ತಿಗೆ ಗಾಡಿ ಹತ್ತಿದೆ. ಹೆಡ್‌ಮಾಸ್ತರರು ಕಬ್ಬಿಗೆ ನೀರು ಹಾಯಿಸುತ್ತಿದ್ದರು. ನಾನು ಬದುವಿನ ಮೇಲೆ ನಿಂತು, ಖತರ್ನಾಕ್ ಒಂದನ್ನೂ ಬಿಡದೆ ಎಲ್ಲವನ್ನೂ ಹೇಳಿದೆ. ಅವರು ಸಲಿಕೆಯ ಮೇಲೆ ಗದ್ದ ಊರಿ ಕೇಳಿದರು.

'ಮೊನ್ನೆ ಯಾವನೋ ಪೊಲೀಸ ಅದೇನಿ, ನಿನ್ನ ಅರೆಸ್ಟ ಮಾಡ್ತೇನಿ ಅಂತ ಫೋನ್ ಮಾಡಿದ್ದ. ಅವತ್ತಿಂದ ಹೊಸಾ ನಂಬರ ಎತ್ತೂದ ಬಿಟ್ಟೇನಿ. ನೀ ಒಂದ ಮಾತ ಹೇಳಿದ್ರ ಎತ್ತತಿದ್ನೆಲ್ಲೋ. ಯಾಕ ಬರಲಿಲ್ಲ?'

'ನೀವು ಬೈತೀರಿ ಅಂತ್ರಿ.'

'ಈಗ ಬೈಯಂಗಿಲ್ಲ ಅಂತ ಬಂದಿಯೇನ?' ಎಂದರು. ಆಮೇಲೆ ಬೈದರು. ಅದನ್ನು ಇಲ್ಲಿ ಬರೆಯುವುದಿಲ್ಲ, ಮಾಸ್ತರರ ಮರ್ಯಾದೆಯ ಪ್ರಶ್ನೆ.

ಅಲ್ಲಿಯೇ ಕೈ ತೊಳೆದುಕೊಂಡು ಅವರು ನನ್ನ ಫೋನಿನಲ್ಲಿದ್ದ ಮೇಡಂ ನಂಬರಿಗೆ ಫೋನ್ ಹಚ್ಚಿದರು. ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತನಾಡಿದರು. ನಡುವೆ ಒಮ್ಮೆ ನನ್ನ ಕಡೆ ನೋಡಿ ಏನೋ ಹೇಳಿದರು, ಆ ಕಡೆಯ ಮೇಡಂ ನಕ್ಕದ್ದು ನನಗೂ ಕೇಳಿಸಿತು. ನನಗೆ ಹೋದ ಜೀವ ಬಂತು. ಫೋನ್ ಇಟ್ಟವರು ಮಾತ್ರ ನಗಲಿಲ್ಲ. 'ಹುಡುಗಿ ಮ್ಯಾಲ ಈಗ ಸಂಶಯ ಇಲ್ಲ. ಆದ್ರ ನಿನ್ನೆ ರಾತ್ರೀನ ಬ್ಯಾರೆಯವರನ್ನ ತಗೊಂಡಾರಂತ. ಹೊಸಾ ವರ್ಷಕ್ಕ ಮತ್ತ ಅರ್ಜಿ ಹಾಕಂದ್ರು' ಎಂದು ಮತ್ತೆ ಸಲಿಕೆ ಹಿಡಿದರು.

ಕಸ್ತೂರಿ ದೇಶ ಬಿಟ್ಟು ಬಂದಳು. ಹತ್ತರಗಿಯ ಹೈವೇ ಹತ್ತಿರ ಬಸ್ಸು ಇಳಿಯುತ್ತೇನೆ ಎಂದಿದ್ದಳು. ನಾನು ಗೆಳೆಯನ ಮೂರು ಗಾಲಿಯ ಟಂಟಂ ತೆಗೆದುಕೊಂಡು ಹೋಗಿದ್ದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಅಭ್ಯಾಸ ಮಾಡಿದೆ. ನಮ್ಮ ಮನೆಯಲ್ಲಿ ಅಣ್ಣಂದಿರು ತಂಗಿಯರ ಮುಂದೆ ತಪ್ಪು ಒಪ್ಪಿಕೊಂಡದ್ದನ್ನು ನಾನು ಕಂಡಿಲ್ಲ. ನಮ್ಮಪ್ಪ ತನ್ನ ತಂಗಿ, ಅಂದರೆ ನಮ್ಮ ಅತ್ತೆಯ ಜೊತೆ ಜಗಳಾಡಿದರೆ ಮರುದಿನ ಒಂದು ಚೀಲ ಶೇಂಗಾ ಕಳಿಸುತ್ತಿದ್ದ. ಅದನ್ನು ಕ್ಷಮಾಪಣೆ ಎಂದು ಎರಡೂ ಮನೆಯವರು ತಿಳಿದುಕೊಳ್ಳಬೇಕು. ನನಗೂ ಶೇಂಗಾದ ಯೋಚನೆ ಬಂದಿತ್ತು, ಸುಳ್ಳೇಕೆ ಹೇಳಲಿ.

ಅವಳು ಎರಡು ದೊಡ್ಡ ಚೀಲ ಇಳಿಸಿಕೊಂಡು ನಿಂತಿದ್ದಳು. ಬಿಸಿಲಿಗೆ ಕಪ್ಪಾಗಿದ್ದಳು. 'ಅವ್ವ ಹೆಂಗದಾಳ?' ಎಂದಳು. ಬೈಯಲಿಲ್ಲ. ಬೈದಿದ್ದರೆ ನಾನು ತಿರುಗಿ ಬೈದು, ಇಬ್ಬರೂ ಹಗುರಾಗಿ, ಹೇಳಬೇಕಾದ್ದನ್ನು ಹೇಳದೆಯೇ ಮನೆ ಸೇರಿಬಿಡಬಹುದಾಗಿತ್ತು. ಚೀಲ ಎತ್ತಿ ಟಂಟಂಗೆ ಹಾಕುತ್ತ, ಅವಳಿಗೆ ಬೆನ್ನು ಮಾಡಿಕೊಂಡೇ ಅದನ್ನು ಒಂದು ಸಲ ಅಂದೆ. ಅದೇ ಹೊತ್ತಿಗೆ ಲಾರಿಯೊಂದು ಹಾರ್ನು ಹೊಡೆಯುತ್ತ ಹೋಯಿತು.

'ಏನಂದಿ?'

'ಏನಿಲ್ಲ.'

'ಏನೋ ಅಂದಿ. ಹೇಳು.'

ಮತ್ತೆ ಅಂದೆ. ಈ ಸಲ ಎರಡು ಲಾರಿ. ಅವಳು ಕಿವಿಗೆ ಕೈ ಹಚ್ಚಿಕೊಂಡು ಹತ್ತಿರ ಬಂದಳು. ಅವಳ ಕಣ್ಣು ನೋಡಿದ ಮೇಲೆ ನನಗೆ ಸುಳ್ಳು ಹೇಳುವುದಕ್ಕೂ ಆಗಲಿಲ್ಲ, ಸಣ್ಣ ದನಿಯಲ್ಲಿ ಹೇಳುವುದಕ್ಕೂ ಆಗಲಿಲ್ಲ. ಚಹಾದಂಗಡಿಯ ಮುಂದೆ ನಿಂತವರೆಲ್ಲ ಬಟ್ಟಲು ಹಿಡಿದುಕೊಂಡೇ ತಿರುಗಿ ನೋಡುವ ಹಾಗೆ, ಹೈವೇಯ ಮೇಲೆ ನಿಂತು ಕೂಗಿಬಿಟ್ಟೆ:

'ತಪ್ಪಾತ ತಂಗೀ! ನಾ ಸರ್ ಕಡೆ ಹೋಗಲೇ ಇಲ್ಲ. ನಿನಗ ನೌಕರಿ ನಾನ ಕೊಡಿಸಿದೆ ಅನಿಸ್ಕೋಬೇಕಂತ ಬಾಯಿ ಬಿಟ್ಟೆ, ಇದ್ದದ್ದನ್ನೂ ಕಳದೆ. ನಂದ ತಪ್ಪಾತು!'