ಬಿಸ್ಕಿಟ್ ಪೊಟ್ಟಣದ ಮೇಲೊಂದು ಕಪ್ಪು ಟಿಕಳಿ

ನಾನು ನಿಂತಿದ್ದು ಮಲಾಡ್‌ನಲ್ಲಿ, ನಮ್ಮ ಬಿಲ್ಡಿಂಗಿನ ಕೆಳಗಿನ ಕಿರಾಣಿ ಅಂಗಡಿಯೊಳಗೆ, ಗೋಧಿ ಹಿಟ್ಟಿನ ಚೀಲಗಳ ಪಕ್ಕ. ಭಾನುವಾರ, ಬೆಳಗಿನ ಹನ್ನೊಂದು ಗಂಟೆ ಹತ್ತು ನಿಮಿಷ. ನನ್ನ ಸೋದರತ್ತೆ ನನ್ನಿಂದ ಎಂಟು ಹೆಜ್ಜೆ ಆಚೆ, ಬಿಸ್ಕಿಟ್ಟಿನ ಕಪಾಟಿನ ಮುಂದಿದ್ದಳು. ಅಷ್ಟು ದೂರ ನಿಂತಿದ್ದು ಅಕಸ್ಮಾತ್ತಾಗಿ ಅಲ್ಲ. ಅತ್ತೆಯ ಜೊತೆ ಅಂಗಡಿಗೆ ಹೋಗುವವರು ವಿಮೆ ಮಾಡಿಸಿಕೊಂಡೇ ಹೋಗಬೇಕು ಎಂಬುದು ನಮ್ಮ ಮನೆಯ ಹಳೆಯ ಮಾತು.

ಧಾರವಾಡದಿಂದ ಮದುವೆಯಾಗಿ ಬಂದವಳು ಒಂದು ಸಾಬೂನನ್ನೂ ಸುಮ್ಮನೆ ಕೊಂಡವಳಲ್ಲ. ಭೂತಗನ್ನಡಿ ಹಿಡಿದು ಪೊಟ್ಟಣದ ಹಿಂಬದಿ ಓದುವಳು. ಎಣ್ಣೆ ಯಾವುದು? ಕಾಡು ಕಡಿದು ಬೆಳೆದದ್ದೋ? ಪ್ಲಾಸ್ಟಿಕ್ ಎಷ್ಟು ಸುತ್ತು? ಮಾಡಿದವರಿಗೆ ಕೂಲಿ ಸರಿಯಾಗಿ ಸಿಕ್ಕಿತೋ? ಕೊನೆಯದನ್ನು ಯಾವ ಪೊಟ್ಟಣವೂ ಹೇಳುವುದಿಲ್ಲವಲ್ಲ, ಅದಕ್ಕೆ ಕಂಪನಿಗೇ ಫೋನು. ಆ ಕಡೆಯ ಯಂತ್ರ “ನಿಮ್ಮ ಕರೆ ನಮಗೆ ಮುಖ್ಯ” ಎಂದರೆ, “ಮುಖ್ಯ ಅಂದ್ರ ಎತ್ತಬೇಕಲ್ಲ ಮತ್ತ” ಎಂದು ಅದಕ್ಕೇ ಬುದ್ಧಿ ಹೇಳುವಳು.

“ಮೌಶಿ, ಇಷ್ಟೆಲ್ಲಾ ಓದಾಕ ಟೈಮ್ ಯಾರಿಗೈತಿ?” ಎಂದಳು ಬೆಳಗಾವಿ ಕಡೆಯ ನೆರೆಮನೆಯಾಕೆ; ಬಿಲ್ಡಿಂಗಿಗೆಲ್ಲ ಅತ್ತೆ ಮೌಶಿ, ಎಂದರೆ ಚಿಕ್ಕಮ್ಮ. ಸರಿ, ಅತ್ತೆ ಅಂಗಡಿಯ ಶೇಠನನ್ನು ಒಪ್ಪಿಸಿ, ಹಣೆಗೆ ಅಂಟಿಸುವ ಟಿಕಳಿಗಳನ್ನು ಪೊಟ್ಟಣಗಳಿಗೆ ಅಂಟಿಸತೊಡಗಿದಳು. ಹಸಿರಿದ್ದರೆ ಕೊಳ್ಳಿ, ಕೆಂಪಿದ್ದರೆ ಬಿಡಿ. ವಾರದೊಳಗೆ ಕೆಂಪಿನದೆಲ್ಲ ಖಾಲಿ! ಕುಂಕುಮದ ಬಣ್ಣ, ಬಿಡಿ ಎಂದರೆ ಯಾವ ಮುತ್ತೈದೆ ಬಿಟ್ಟಾಳು? “ಮೌಸೀ, ಪುರಾನಾ ಸ್ಟಾಕ್ ಪೇ ಭೀ ಲಗಾ ದೋ ನಾ” ಎಂದು, ಹಳೆಯ ಮಾಲಿಗೂ ಕೆಂಪು ಅಂಟಿಸೆಂದು ಶೇಠ್ ಗೋಗರೆದ.

ಅತ್ತೆ ಕೆಂಪು ಬಿಟ್ಟು ಕಪ್ಪು ಹಿಡಿದಳು. ನಾನಾಗಲೇ ತಡೆಯಬೇಕಿತ್ತು.

ಆ ಭಾನುವಾರ ಶೇಠ್ ಊರಲ್ಲಿರಲಿಲ್ಲ. ಗಲ್ಲಾದಲ್ಲಿ ಕೂತಿದ್ದ ಅವನ ಭಾವನಿಗೆ ಈ ಏರ್ಪಾಡು ತಿಳಿಯದು. ಮಗುವನ್ನು ಎತ್ತಿಕೊಂಡಿದ್ದ ಹೆಂಗಸೊಬ್ಬಳು ಬಿಸ್ಕಿಟ್ಟಿಗೆ ಕೈ ಚಾಚಿದವಳು ಕಪ್ಪು ಟಿಕಳಿ ಕಂಡು ಹಿಂದೆ ಸರಿದಳು.

“ಬಚ್ಚೋಂ ಕೀ ಚೀಜ್ ಪೇ ಕ್ಯಾ ಲಗಾ ರಹೀ ಹೈ?” ಮಕ್ಕಳು ತಿನ್ನುವುದಕ್ಕೆ ಏನು ಅಂಟಿಸುತ್ತಿದ್ದಾಳೆ ಎಂದು ಕೂಗಿದಳು.

“ಜಾದೂ-ಟೋನಾ” ಎಂದರು ಯಾರೋ. ಯಾರೆಂದು ನಾನು ಕಾಣಲಿಲ್ಲ, ಕಂಡದ್ದನ್ನಷ್ಟೇ ಬರೆಯುತ್ತೇನೆ. ಮಾಟದ ಮಾತು ಕಿವಿಗೆ ಬಿದ್ದಾಗ ಅಲ್ಲಿದ್ದವರು ನಾಲ್ವರು. ಆಮೇಲೆ ಬಾಗಿಲೇ ಕಾಣದಷ್ಟು ಜನ. ಐದಾರು ಮೊಬೈಲು ಮೇಲೆದ್ದವು. ಒಬ್ಬ ಅತ್ತೆಯ ಮಣಿಕಟ್ಟು ಹಿಡಿದ. ಭೂತಗನ್ನಡಿ ನೆಲಕ್ಕೆ ಬಿದ್ದು ಒಡೆಯಿತು.

“ಬಿಡ್ರೀ... ಖರಾಬ್ ತೇಲ್ ಐತಿ, ಅದಕ್ಕ ಕಾಲಾ...” ಎಣ್ಣೆ ಕೆಟ್ಟದ್ದು, ಅದಕ್ಕೇ ಕಪ್ಪು ಎನ್ನಬೇಕಿತ್ತು; ಹೆದರಿದಾಗ ಅವಳ ಹಿಂದಿ ಧಾರವಾಡಕ್ಕೆ ಓಡಿಹೋಗುತ್ತಿತ್ತು.

ನಿಮ್ಮ ಜೊತೆಯವಳೇ ಎಂದು ನನ್ನ ಪಕ್ಕದವನು ಕೇಳಿದ: “ಆಪ್ ಕೇ ಸಾಥ್ ಹೈ ಕ್ಯಾ?”

ನಾನು “ನಹೀ” ಎಂದೆ.

ಅತ್ತೆ ತಿರುಗಿ ನೋಡಿದಳು.

ಅಷ್ಟರಲ್ಲಿ ಜನರನ್ನು ಮೊಣಕೈಯಿಂದ ತಳ್ಳುತ್ತ ಶಾಂತವ್ವ ಒಳಗೆ ಬಂದಳು. ವಿಜಯಪುರದ ಕಡೆಯವಳು, ಕುರ್ಲಾದಿಂದ ಬಂದು ನಮ್ಮ ಬಿಲ್ಡಿಂಗಿನ ಮೂರು ಮನೆಗಳಲ್ಲಿ ಪಾತ್ರೆ ತಿಕ್ಕುತ್ತಾಳೆ. ಮಣಿಕಟ್ಟು ಹಿಡಿದವನ ಮುಖದೆದುರು ತನ್ನ ಎರಡೂ ಅಂಗೈ ಚಾಚಿದಳು. ಹಿಂದೆಲ್ಲ ಪಾತ್ರೆಯ ಸಾಬೂನಿನಿಂದ ಬಿರಿದು ರಕ್ತ ಬರುತ್ತಿದ್ದ ಕೈಗಳು ಈಗ ಮಾಯ್ದಿದ್ದವು.

“ದೇಖ್. ಮೇರೇಕೋ ಪಢನಾ ನಹೀ ಆತಾ. ಇಸ್ ಕೀ ಹರೀ ಟಿಕಲೀ ದೇಖ್ ಕೇ ಸಾಬೂನ್ ಲೇತೀ ಹೂಂ. ಕಾಲಾ ಮತಲಬ್ ಮತ್ ಲೇ. ಬಸ್. ಅಬ್ ಛೋಡ್ ಹಾಥ್.” ಓದು ಬಾರದ ತಾನು ಹಸಿರು ಟಿಕಳಿ ನೋಡಿ ಸಾಬೂನು ಕೊಳ್ಳುವವಳು, ಕಪ್ಪೆಂದರೆ ಕೊಳ್ಳಬೇಡ ಎಂದಷ್ಟೇ, ಕೈ ಬಿಡು ಎಂದಳು.

ಅವನು ಬಿಟ್ಟ. ಮೊಬೈಲುಗಳು ಒಂದೊಂದಾಗಿ ಇಳಿದವು. ಹಾಗಾದರೆ ಯಾವುದು ಕೊಳ್ಳಲಿ ಎಂದು ಮಗುವಿನ ತಾಯಿ ಸಣ್ಣ ದನಿಯಲ್ಲಿ ಕೇಳಿದಳು: “ತೋ ಫಿರ್ ಕೌನ್ ಸಾ ಲೂಂ, ಮೌಸೀ?”

ಅತ್ತೆ ಹಸಿರು ಟಿಕಳಿಯ ಒಂದು ಪೊಟ್ಟಣ ತೋರಿಸಿದಳು.

ಲಿಫ್ಟಿನಲ್ಲಿ ನಾವಿಬ್ಬರೇ. “ಅತ್ತೀ, ನಾ...” ಎಂದೆ.

“ಸುಮ್ನಿರೋ. ಛಲೋ ಮಾಡಿದಿ. ಇಬ್ರನ್ನೂ ಹಿಡದಿದ್ರ ಮನಿಗೆ ಸುದ್ದಿ ಯಾರು ಮುಟ್ಟಸತಿದ್ರು?”

ನಗಲು ನೋಡಿದಳು. ಮಣಿಕಟ್ಟಿನ ಮೇಲೆ ನಾಲ್ಕು ಬೆರಳಿನ ಗುರುತು ಮೂಡಿತ್ತು. ನನಗೆ ಕಾಣದಿರಲೆಂದು ಸೆರಗು ಎಳೆದುಕೊಂಡಳು.

ಹೋದ ಮಳೆಗಾಲದಲ್ಲಿ ಅತ್ತೆ ಹಾಸಿಗೆ ಹಿಡಿದು ತೀರಿಕೊಂಡಳು. ಕೇಳಿ ನೋಡುವವರಿಗೆ, ಅಂದು ಕಂಡವರಲ್ಲಿ ಶೇಠನ ಭಾವ ಇದ್ದಾನೆ. ಮಗುವಿನ ತಾಯಿ ಇದ್ದಾಳೆ, ನಮ್ಮದೇ ಬಿಲ್ಡಿಂಗಿನ ಎರಡನೆಯ ಮಹಡಿಯಲ್ಲಿ. ಕುರ್ಲಾದಲ್ಲಿ ಶಾಂತವ್ವ ಇದ್ದಾಳೆ. ನಾನೂ ಇದ್ದೇನೆ.