ಬಡಗಿ ವೀಸಾದವನ ಎಂಟುನೂರು ಸಾಕ್ಷಿಗಳು

ಸರಕಾರಿ ಕೌಂಟರಿನ ಮುಂದೆ ಪಾಸ್‌ಪೋರ್ಟ್ ಹಿಡಿದು ನಿಂತವನಿಗೆ ನಗೆಯ ಪ್ರಸಂಗಗಳಿಗೆ ಬರವಿಲ್ಲ. ನಗು ಮಾತ್ರ ಒಂದೆರಡು ವರ್ಷ ತಡವಾಗಿ ಬರುತ್ತದೆ. ಕಾನೂನು ಎಲ್ಲ ದೇಶದವರಿಗೂ ಒಂದೇ ಎಂದು ಯಾರಾದರೂ ಹೇಳಿದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಎಂಬತ್ತರ ದಶಕದಲ್ಲಿ ಮಸ್ಕತ್ತಿನಲ್ಲಿ ನನಗಾದದ್ದನ್ನು ಹೇಳಿ ಸುಮ್ಮನಾಗುತ್ತೇನೆ.

ಮೊದಲು ಬಂದವರು

ಮಸ್ಕತ್ತಿನ ರೂವಿ ಬಡಾವಣೆಯ ಒಂದು ರಸ್ತೆ ಕಟ್ಟುವ ಕಂಪನಿಯಲ್ಲಿ ನಾನು ಇಂಜಿನಿಯರ್. ಎದುರು ಮೇಜಿನಲ್ಲಿ ಒಬ್ಬರು ಇಂಗ್ಲಿಷ್ ಸಾಹೇಬರು, ಅವರೂ ಇಂಜಿನಿಯರ್. ಸೇರಿದ್ದು ಒಂದೇ ವಾರ, ನೋಡುವುದು ಒಂದೇ ನಕ್ಷೆ. ಆದರೆ ಅವರ ವೀಸಾದಲ್ಲಿ ‘ಇಂಜಿನಿಯರ್’ ಎಂದಿತ್ತು, ನನ್ನದರಲ್ಲಿ ‘ಬಡಗಿ’. ಇಂಡಿಯಾದವರಿಗೆಂದು ಕಂಪನಿಯಲ್ಲಿ ಉಳಿದಿದ್ದದ್ದು ಬಡಗಿ ವೀಸಾ ಮಾತ್ರ. “ಕಾಗದದಲ್ಲಿ ಏನಿದ್ದರೇನು, ಬಂದುಬಿಡಿ” ಅಂದಿದ್ದರು ಕಂಪನಿಯವರು, ಬಂದುಬಿಟ್ಟಿದ್ದೆ. ಬಡಗಿಗೆ ಹೆಂಡತಿ ಮಕ್ಕಳನ್ನು ಕರೆಸುವ ಹಕ್ಕಿಲ್ಲ ಎಂದು ಆಮೇಲೆ ತಿಳಿಯಿತು.

ಉಡುಪಿಯಲ್ಲಿ ಹೆಂಡತಿ ಮತ್ತು ಮೂರು ವರ್ಷದ ಮಗಳು. ಮಗಳು ಗೋಡೆಯ ಮೇಲಿನ ಗಾಜು ಹಾಕಿದ ಫೋಟೋಗೆ ಅಪ್ಪ ಅನ್ನುತ್ತಿದ್ದಳು. ರಜೆಯಲ್ಲಿ ಹೋದ ನನ್ನನ್ನು ಮಾಮ ಅಂದಳು. ಅದು ನೆನಪಾದ ದಿನ ನನಗೆ ಊಟ ಸೇರುತ್ತಿರಲಿಲ್ಲ.

ಅಷ್ಟರಲ್ಲಿ ಸಾಹೇಬರ ನಾಯಿ ವಿಮಾನದಲ್ಲಿ ಬಂದಿಳಿಯಿತು. ಹತ್ತೇ ದಿನದಲ್ಲಿ ಅದರ ಕಾಗದಪತ್ರವೆಲ್ಲ ಆಗಿತ್ತು. ನಮಗಾದರೆ ಜವಾಬ್ದಾರಿ ಹೊರುವ ಒಮಾನಿಯೊಬ್ಬ, ಅಂದರೆ ಕಫೀಲ್, ಬೇಕು, ಅವನ ಸಹಿಗೆ ತಿಂಗಳುಗಟ್ಟಲೆ ಕಾಯಬೇಕು. ಹೊಟ್ಟೆ ಉರಿದು ಹೆಂಡತಿಗೆ ಪತ್ರ ಬರೆದೆ. ಅವಳ ಉತ್ತರ ಎರಡೇ ಸಾಲು: “ಆ ನಾಯಿಯ ಕಫೀಲ್ ಯಾರೆಂದು ವಿಚಾರಿಸಿ. ಒಳ್ಳೆ ಜನರ ಹಾಗೆ ಕಾಣ್ತದೆ, ನಮಗೂ ಅವರೇ ಸಾಕು.”

ಕುಂಟು ಮೇಜು

ವೀಸಾದ ಹುದ್ದೆ ಬದಲಿಸಲು ಅರ್ಜಿ ಹಾಕಿದೆ. ನನ್ನ ಡಿಗ್ರಿಗೆ ಬೆಂಗಳೂರು, ದಿಲ್ಲಿ, ಎಂಬಸಿ ಎಂದು ಮೂರು ಕಡೆ ಮುದ್ರೆ ಒತ್ತಿಸಿದ ಮೇಲೆ ಕಾಗದದ ಹಿಂಬದಿಯಲ್ಲಿ ನೊಣ ಕೂರಲೂ ಜಾಗವಿರಲಿಲ್ಲ. ಸಾಹೇಬರ ಡಿಗ್ರಿಯನ್ನು ಯಾರೂ ಕೇಳಿರಲಿಲ್ಲ. ಕೇಳದಿದ್ದದ್ದು ಒಳ್ಳೆಯದೇ ಆಯಿತು, ಅವರಿಗೆ ಡಿಗ್ರಿ ಇರಲಿಲ್ಲ.

ವೀಸಾ ಕಚೇರಿಯ ಅಧಿಕಾರಿ ಬಿಳಿ ಗಡ್ಡದ ಒಮಾನಿ ಹಿರಿಯರು. ಬಾಲ್ಯ ಮುಂಬಯಿಯಲ್ಲಿ ಕಳೆದವರು, ಹಿಂದಿ ನನಗಿಂತ ಚೆನ್ನಾಗಿತ್ತು.

“ನೀನು ಬಡಗಿಯೋ, ಇಂಜಿನಿಯರೋ?”

“ಇಂಜಿನಿಯರ್.”

“ಹಾಗಾದರೆ ಬಡಗಿ ಎಂದು ಬಂದದ್ದು ಸುಳ್ಳು?”

ಅವರು ತಮ್ಮ ಮೇಜನ್ನು ಒತ್ತಿ ತೋರಿಸಿದರು. ಅದು ಕುಂಟುತ್ತಿತ್ತು. “ಮೊದಲು ಇದನ್ನು ಸರಿಮಾಡು. ಯಲ್ಲಾ, ಬೇಗ!”

ಸರಿಮಾಡಿದರೆ ನಾನು ಬಡಗಿ, ಸಂಸಾರ ಉಡುಪಿಯಲ್ಲೇ. ಮಾಡದಿದ್ದರೆ ಸುಳ್ಳ, ನಾನೂ ಉಡುಪಿಗೆ. ಅತ್ತ ದರಿ, ಇತ್ತ ಪುಲಿ. ಕೈಯಲ್ಲಿದ್ದ ಅರ್ಜಿಯ ನಕಲನ್ನೇ ನಾಲ್ಕಾಗಿ ಮಡಚಿ ಮೇಜಿನ ಕಾಲಡಿಗೆ ತುರುಕಿದೆ. ಮೇಜು ನೆಟ್ಟಗೆ ನಿಂತಿತು.

ಹಿರಿಯರು ಗಡ್ಡ ಅಲುಗುವಂತೆ ನಕ್ಕರು. “ಬಡಗಿಯಾಗಿದ್ದರೆ ಕಾಲು ಕೆತ್ತುತ್ತಿದ್ದ. ಕಾಗದ ಇಟ್ಟು ಕೆಲಸ ಮುಗಿಯಿತು ಅನ್ನುವವನು ಇಂಜಿನಿಯರೇ. ಖಲಾಸ್!” ಎಂದು ಮುದ್ರೆ ಒತ್ತಿಯೇಬಿಟ್ಟರು.

ಎಂಟುನೂರು ಎಲೆ

ಮುಂದಿನ ಬೇಡಿಕೆ, ಮದುವೆಯ ಸರ್ಟಿಫಿಕೇಟ್. ನಮ್ಮ ಕಡೆ ಆಗ ಮದುವೆ ಮಾಡುತ್ತಿದ್ದರೇ ಹೊರತು ಅದಕ್ಕೆ ಸರ್ಟಿಫಿಕೇಟ್ ಮಾಡಿಸುವವರು ಯಾರು? ಮಾವನಿಗೆ ಬರೆದೆ. ಅವರಿಗೆ ಅವಮಾನವೇ ಆಯಿತು. “ಅಳಿಯಂದಿರೇ, ನಾನು ಎಂಟುನೂರು ಎಲೆ ಹಾಕಿಸಿದ್ದೇನೆ. ಮದುವೆ ಆಗಿಲ್ಲ ಅನ್ನುವವ ಯಾರು? ಅವನನ್ನು ಒಮ್ಮೆ ಇಲ್ಲಿಗೆ ಕಳಿಸಿ” ಎಂದು ಬರೆದು, ಲಗ್ನಪತ್ರಿಕೆಯನ್ನೂ ಇಡೀ ಆಲ್ಬಮ್ಮನ್ನೂ ಕಳಿಸಿಕೊಟ್ಟರು.

ಲಗ್ನಪತ್ರಿಕೆ ತೋರಿಸಿ ನಮ್ಮ ಎಂಬಸಿಯಿಂದ ಒಂದು ಪತ್ರ ಪಡೆದೆ, ಜೊತೆಗೆ ಆಲ್ಬಮ್ಮನ್ನೂ ಒಯ್ದೆ. ಅದೇ ಹಿರಿಯರು ಹಾಳೆ ತಿರುವುತ್ತ ಊಟದ ಪಂಕ್ತಿಯ ಫೋಟೋದ ಮೇಲೆ ಬೆರಳಿಟ್ಟರು. “ಇಷ್ಟೂ ಜನ ಯಾರು?”

“ಊಟಕ್ಕೆ ಬಂದವರು.”

ಅವರು ಪಕ್ಕದ ಕೋಣೆಯವರನ್ನೂ ಕರೆದು ತೋರಿಸಿದರು. “ನೋಡಿ, ಎಲ್ಲ ಸಾಕ್ಷಿಗಳು! ಇಷ್ಟು ಜನಕ್ಕೆ ಊಟ ಹಾಕಿ ಯಾರಾದರೂ ಸುಳ್ಳು ಹೇಳುತ್ತಾರೆಯೇ?”

ಮುಂದಿನ ತಿಂಗಳು ಸೀಬ್ ವಿಮಾನ ನಿಲ್ದಾಣದಲ್ಲಿ ತಾಯಿ ಮಗಳು ಇಳಿದರು. ನಾನು ಗೆದ್ದಿದ್ದೆ! ಮಗಳು ಅನುಮಾನದಿಂದ ನನ್ನ ಕೆನ್ನೆ ಮುಟ್ಟಿ ನೋಡಿ, ಇಡೀ ನಿಲ್ದಾಣಕ್ಕೆ ಕೇಳುವಂತೆ ಕೂಗಿದಳು: “ಅಮ್ಮಾ, ಅಪ್ಪ ಗಾಜಿನಿಂದ ಹೊರಗೆ ಬಂದ್ರು!”

ಸಾಹೇಬರ ಸರದಿ

ಸಾಹೇಬರ ಮನೆಯಾಕೆ ಇನ್ನೂ ಬಂದಿರಲಿಲ್ಲ. ಒಂದು ದಿನ ಅವರು ತಮ್ಮ ಕುರ್ಚಿಯನ್ನು ಮೊದಲ ಸಲ ನನ್ನ ಮೇಜಿನ ಹತ್ತಿರಕ್ಕೆ ಎಳೆದುಕೊಂಡು ಗುಟ್ಟಾಗಿ ಕೇಳಿದರು, “ನಿಮಗೆ ಸಂಸಾರದ ವೀಸಾ ಹೇಗೆ ಸಿಕ್ಕಿತು?”

ವಿಷಯ ಆಗ ಹೊರಬಿತ್ತು. ಆಕೆಯೊಡನೆ ಹನ್ನೆರಡು ವರ್ಷ ಒಂದೇ ಮನೆಯಲ್ಲಿದ್ದರೂ ಅವರಿಗೆ ಮದುವೆ ಆಗಿರಲಿಲ್ಲ. ಎಲ್ಲ ಬಾಗಿಲು ತೆರೆಸಿದ ಪಾಸ್‌ಪೋರ್ಟ್ ಈ ಬಾಗಿಲಲ್ಲಿ ಸೋತಿತ್ತು.

“ಮೊದಲು ಮದುವೆಯಾಗಿ ಬನ್ನಿ ಸಾಹೇಬರೇ” ಅಂದೆ. ಹಾಗೆ ಹೇಳುವಾಗ ಆದ ಖುಷಿಯನ್ನು ಬಚ್ಚಿಡುವುದಿಲ್ಲ.

ರಜೆಯಲ್ಲಿ ಹೋಗಿ ಮದುವೆಯಾಗಿ ಸರ್ಟಿಫಿಕೇಟ್ ತಂದರು. ಧೈರ್ಯಕ್ಕೆ ನನ್ನನ್ನೂ ಕರೆದೊಯ್ದರು. ಹಿರಿಯರು ಕನ್ನಡಕ ಏರಿಸಿ ಓದಿದರು.

“ಸಾಕ್ಷಿಗಳು ಇಬ್ಬರೇ?”

“ನಮ್ಮ ಕಾನೂನಿಗೆ ಅಷ್ಟು ಸಾಕು.”

“ಊಟಕ್ಕೆ ಎಷ್ಟು ಜನ?”

“ನಾವಿಬ್ಬರು, ಅವರಿಬ್ಬರು.”

ಹಿರಿಯರು ಮರುಕದಿಂದ ತಲೆಯಾಡಿಸಿ ನನ್ನತ್ತ ತಿರುಗಿದರು. “ಇದು ಮದುವೆಯೇ? ನೀನು ಹೇಳು.”

ಸಾಹೇಬರು ನನ್ನ ಮುಖವನ್ನೇ ನೋಡುತ್ತ ನಿಂತರು. ನಾನು ಗಂಟಲು ಸರಿಮಾಡಿಕೊಂಡೆ, ಕಿಟಕಿಯ ಹೊರಗೆ ನೋಡಿದೆ, ಆಮೇಲೆ ನಿಧಾನವಾಗಿ ಹೌದೆಂದೆ.

“ವೀಸಾ ಕೊಡುತ್ತೇನೆ. ಆದರೆ ಊಟ ಹಾಕದ್ದು ಅರ್ಧ ಮದುವೆ. ಹೆಂಡತಿ ಬಂದ ಮೇಲೆ ಪೂರ್ತಿ ಮಾಡಿ” ಎಂದು ಹಿರಿಯರು ಮುದ್ರೆ ಒತ್ತಿದರು.

ಆಕೆ ಬಂದ ಶುಕ್ರವಾರವೇ ವಾದಿ ಅದಾಯ್‌ನ ನಮ್ಮ ಫ್ಲಾಟಿನಲ್ಲಿ ನನ್ನ ಹೆಂಡತಿ ಮೂವತ್ತು ಎಲೆ ಹಾಕಿದಳು. ಚಕ್ಕಳಮಕ್ಕಳ ಕೂರಲಾಗದೆ ಸಾಹೇಬರು ಎರಡು ಕಾಲನ್ನೂ ಎದುರಿನವರ ಎಲೆಯವರೆಗೆ ಚಾಚಿ, ಮೂರು ಸಲ ಪಾಯಸ ಕೇಳಿ ಉಂಡರು. ಯಾರೋ ಫೋಟೋ ತೆಗೆದರು.

ಎರಡು ವರ್ಷದ ನಂತರ ವೀಸಾ ನವೀಕರಣಕ್ಕೆ ಹೋದ ಸಾಹೇಬರು ಸರ್ಟಿಫಿಕೇಟನ್ನು ಮನೆಯಲ್ಲೇ ಬಿಟ್ಟು, ಆ ಫೋಟೋ ಒಂದನ್ನೇ ಒಯ್ದಿದ್ದರು. ಐದು ನಿಮಿಷದಲ್ಲಿ ಕೆಲಸ ಆಯಿತಂತೆ.