ಎರಡನೆಯ ಪಂಚ

ಕಾಶಿನಾಥನ ಸಂಕಟಕ್ಕೆ ಮೂಲ, ಬೆಳಿಗ್ಗೆ ಏಳಕ್ಕೆ ಅವನೇ ಕಳಿಸಿದ ವಾಟ್ಸಾಪ್ ಸಂದೇಶ. ಮುಂಬಯಿಯ ಗೋರೆಗಾಂವದ ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ದುಡಿಯುವ ಅವನಿಗೆ ವಕೀಲನಾಗದ ಕೊರಗು. ಅದಕ್ಕಾಗಿ ಘಾಟ್ಕೋಪರಿನ ತನ್ನ ಬಿಲ್ಡಿಂಗಿನ ಗ್ರೂಪಿಗೆ ದಿನಕ್ಕೊಂದು ಕಾನೂನು ಪದವನ್ನು ಅರ್ಥಸಹಿತ ಬಡಿಸುತ್ತಿದ್ದ. ವರ್ಷವಿಡೀ ಯಾರೂ ಓದಿರಲಿಲ್ಲ. ಅಂದು ಓದಿದರು.

'ಪಂಚ: ಪೊಲೀಸರು ಶೋಧ ಅಥವಾ ಜಪ್ತಿ ಮಾಡುವಾಗ ನಿಂತು ನೋಡಿ ಸಹಿ ಹಾಕುವ ಸ್ಥಳೀಯ ಗೌರವಸ್ಥ. ಆರೋಪಿಯೊಡನೆ ನಂಟಿರಬಾರದು. ಪಂಚರಾಗಲು ಹೆದರಬೇಡಿ, ಅದು ನಾಗರಿಕರ ಕರ್ತವ್ಯ.'

ಒಂಬತ್ತಕ್ಕೆ ಅವನು ಇಸ್ತ್ರಿಯ ಶರ್ಟು ತೊಟ್ಟು ಮೆಟ್ಟಿಲಿಳಿದ. ಹನ್ನೊಂದಕ್ಕೆ ಪ್ರಮೋಶನ್ ಇಂಟರ್‌ವ್ಯೂ; ಆರು ವರ್ಷ ಕಾದದ್ದು. ಕೆಳಗೆ ಕನ್ನಡ ಬಲ್ಲ ಸೊಲ್ಲಾಪುರ ಮೂಲದ ಹವಾಲ್ದಾರನೊಬ್ಬ ನಿಂತಿದ್ದ. ಪಕ್ಕದಲ್ಲಿ ಪಂಪ್ ರಿಪೇರಿಯ ದೂಜ, ಕೈಗೆ ಬೇಡಿ. ಬಿಲ್ಡಿಂಗಿನ ಎರಡು ನೀರಿನ ಮೋಟರು ಕದ್ದ ಆರೋಪ. ಒಂದು ಮೆಟ್ಟಿಲಡಿಯ ಗೂಡಿನಲ್ಲಿ ಸಿಕ್ಕಿತ್ತು. ಜಪ್ತಿಗೆ ಇಬ್ಬರು ಪಂಚರು ಬೇಕು. ತಪ್ಪಿಸಿಕೊಂಡು ಓಡಲಾರದ ಹಾಲಿನವನೊಬ್ಬ ಆಗಲೇ ಪಂಚನಾಗಿದ್ದ.

"ಇನ್ನೊಬ್ಬರು ಯಾರ್ರಿ?"

ನೆರೆದವರು ಇಂಜೆಕ್ಷನ್ ಕಂಡ ಮಕ್ಕಳಂತೆ ಹಿಂದೆ ಸರಿದರು. ನೆಲಮಹಡಿಯ ವಾರಿಜಾಗೆ ಒಲೆಯ ಮೇಲಿನ ಹಾಲು ನೆನಪಾಯಿತು. ಟೇಲರ್ ಮಜೀದನಿಗೆ ಸೊಂಟನೋವು ಬಂತು. ಅಷ್ಟರಲ್ಲಿ ಕಾಶಿನಾಥ ಕಂಡ.

"ಇಗೋ, ಬಂದ್ರಲ್ಲ ಮಾರಾಯ್ರೆ!" ವಾರಿಜಾ ಮೊಬೈಲ್ ಎತ್ತಿ ಹಿಡಿದಳು. "ಕರ್ತವ್ಯ ಅಂತ ಬೆಳಿಗ್ಗೆ ಇವರೇ ಬರ್ದದ್ದು."

"ಅಕ್ಕಾರ, ಅದು ನಿಮಗೆಲ್ಲಾ ಬರದದ್ದರಿ! ನನಗ ಇಂಟರ್‌ವ್ಯೂ ಐತಿ."

"ಹೆದರಬ್ಯಾಡ್ರಿ ಅಂತ ನೀವ ಹೇಳೀರಲ್ಲ ಭಾಯಿ," ಎಂದ ಮಜೀದ, ಸೊಂಟ ನೆಟ್ಟಗೆ ಮಾಡಿ.

ಪಂಚನಾದವನು ಸಾಕ್ಷಿ ಹೇಳಲು ಅಲೆಯಬೇಕಾದ ಕೋರ್ಟಿನ ತಾರೀಖುಗಳು ಕಾಶಿನಾಥನ ಕಣ್ಣೆದುರು ಲೋಕಲ್ ಟ್ರೇನುಗಳಂತೆ ಒಂದರ ಹಿಂದೊಂದು ಸಾಗಿದವು. ಸಂದೇಶದಲ್ಲಿ ಅವುಗಳ ಸುದ್ದಿ ಅವನು ಎತ್ತಿರಲಿಲ್ಲ. ಆಗ ತನ್ನದೇ ಸಾಲೊಂದು ಹೊಳೆಯಿತು: ನಂಟಿರಬಾರದು.

"ಸಾಹೇಬ್ರ, ನಾ ಪಂಚ ಆಗಿ ನಡಿಯಂಗಿಲ್ರಿ. ದೂಜ ನನ್ನ ದೋಸ್ತ. ದಿನಾ ಮನೀಗೆ ಬರ್ತಾನ, ಕೂಡಿ ಚಾ ಕುಡಿತೀವಿ."

ದೂಜ ಕಣ್ಣರಳಿಸಿದ. ಸಿಕ್ಕಿಬಿದ್ದಾಗಿನಿಂದ ಅವನನ್ನು ತನ್ನವನೆಂದು ಹೇಳಿಕೊಂಡವನು ಇವನೊಬ್ಬನೇ. "ಹೌದು ಸಾಬ್, ಜಿಗ್ರಿ ದೋಸ್ತ್!"

ಹವಾಲ್ದಾರ ಪೆನ್ನು ಮುಚ್ಚಿದ. "ದಿನಾ ಬರ್ತಾನೇನು? ಎರಡನೇ ಮೋಟರ್ ಇನ್ನೂ ಸಿಕ್ಕಿಲ್ಲ. ಚಲಾ, ಮನಿ ತೋರಸ್ರಿ."

ಕಾಶಿನಾಥನ ಮುಖ ಲಿಟ್ಮಸ್ ಕಾಗದದಂತೆ ಬಣ್ಣ ಬದಲಿಸಿತು. "ಸುಳ್ಳು ಹೇಳಿದೆ ಸಾಹೇಬ್ರ!"

"ಪೊಲೀಸರಿಗೆ ಸುಳ್ಳು ಹೇಳುದೂ ಅಪರಾಧ ಅಂತ," ವಾರಿಜಾ ಮೊಬೈಲಿನಲ್ಲಿ ಬೆರಳಾಡಿಸಿ ಹುಡುಕಿದಳು, "ಹೋದ ಮಂಗಳವಾರದ್ದು ಉಂಟು ನೋಡಿ."

ನಾಲ್ಕನೆಯ ಮಹಡಿಯಲ್ಲಿ ಕಾಶಿನಾಥನ ಮನೆಬಾಗಿಲಿಗೆ ಬಂದು ಹವಾಲ್ದಾರ ನಿಟ್ಟುಸಿರಿಟ್ಟ. "ಇಲ್ಲಿಗೂ ಇಬ್ಬರು ಪಂಚರು ಬೇಕಲ್ರಿ."

ಹನ್ನೊಂದು ಕೈಗಳು ಮೇಲೆದ್ದವು. ಸರಕಾರದ ಅಪ್ಪಣೆಯಿಂದ ಪಕ್ಕದವರ ಕಪಾಟು ನೋಡುವ ಯೋಗ ದಿನವೂ ಬರುತ್ತದೆಯೇ? ಮಜೀದ ಎರಡೆರಡು ಮೆಟ್ಟಿಲು ಹಾರಿ ಬಂದಿದ್ದ. ವಾರಿಜಾಳ ಹಾಲು ಉಕ್ಕಿ ಒಲೆ ಆರಿದ ವಾಸನೆ ನಾಲ್ಕನೆಯ ಮಹಡಿಗೂ ಬರುತ್ತಿತ್ತು. ಅವಳಿಗೆ ಮಾತ್ರ ಬರಲಿಲ್ಲ.

ಅಕ್ಕಿ ಡಬ್ಬಿಯನ್ನೂ ಬಿಡದೆ ಶೋಧ ನಡೆಯಿತು. ಮೋಟರು ಸಿಗಲಿಲ್ಲ. ಸರಿಯಾಗಿ ಹನ್ನೊಂದಕ್ಕೆ ಕಾಶಿನಾಥನ ಫೋನು ರಿಂಗಾಯಿತು. ಏನನ್ನೂ ಮುಟ್ಟಬೇಡವೆಂದು ಅವನನ್ನು ಮೂಲೆಯಲ್ಲಿ ಕೂರಿಸಿದ್ದರು. ವಾರಿಜಾ ಎತ್ತಿಕೊಂಡಳು.

"ಕಾರ್ಖಾನೆಯಿಂದಲಾ? ಅವರು ಬರ್ಲಿಕ್ಕಿಲ್ಲ ಸರ್, ಮನೆಯಲ್ಲಿ ಪೊಲೀಸರು ಉಂಟು... ಅಲ್ಲಲ್ಲ, ನಾನು ಹೆಂಡತಿ ಅಲ್ಲ." ಅವಳು ಸೆರಗು ಸರಿಪಡಿಸಿಕೊಂಡಳು. "ನಾನು ಪಂಚ."